ಪಾಮ್‌ನೊಳಗಿನ ‘ನೆಟ್’ ಪಟ್ಟಿ

ನನ್ನ ಫೋನಿನ ಕೆಲಸದ ಪಟ್ಟಿಯಲ್ಲಿ ‘ಮನೆ’, ‘ಆಫೀಸು’, ‘ಹೊಲ’ ಅನ್ನುವ ಭಾಗಗಳ ಜತೆಗೆ ‘ನೆಟ್’ ಅಂತ ಇನ್ನೊಂದಿದೆ. ಮೊನ್ನೆ ಮಗ ಅದನ್ನು ನೋಡಿ, “ಪಪ್ಪಾ, ಫೋನ್ ಇಪ್ಪತ್ನಾಲ್ಕು ತಾಸೂ ನೆಟ್‌ನಾಗ ಇರ್ತೈತಿ. ನೆಟ್‌ಗೆ ಅಂತ ಬ್ಯಾರೆ ಪಟ್ಟಿ ಯಾಕ ಬೇಕು?” ಅಂತ ಕೇಳಿದ. ಊಟಕ್ಕೆ ಕೂತಾಗ ಅವನಿಗೆ ಅರ್ಧ ಹೇಳಿದೆ. ಉಳಿದರ್ಧ ಹೇಳುವಷ್ಟರಲ್ಲಿ ಅವನು ಕೈ ತೊಳೆದುಕೊಂಡು ಎದ್ದಿದ್ದ. ಹಾಗಾಗಿ ಪೂರ್ತಿ ಇಲ್ಲಿ ಬರೆಯುತ್ತಿದ್ದೇನೆ. ಆ ಪಟ್ಟಿ ಹುಟ್ಟಿದ್ದು ಪಾಮ್ ಅನ್ನುವ, ಜೇಬಿನಲ್ಲಿ ಹಿಡಿಸುವ ಒಂದು ಪುಟ್ಟ ಕಂಪ್ಯೂಟರಿನಲ್ಲಿ.

2001ರಲ್ಲಿ ನಾನು ಹುಬ್ಬಳ್ಳಿಯಲ್ಲಿ ರಕ್ತಪರೀಕ್ಷೆಯ ಲ್ಯಾಬ್ ಯಂತ್ರಗಳ ಸರ್ವಿಸ್ ಇಂಜಿನಿಯರ್ ಆಗಿದ್ದೆ. ಗದಗ, ಕೊಪ್ಪಳ, ಬಾಗಲಕೋಟೆ, ವಿಜಾಪುರ, ಹೊಸಪೇಟೆ, ಬಳ್ಳಾರಿ, ಇಷ್ಟೂ ಊರು ನನ್ನ ಪಾಲಿಗೆ. ಸೋಮವಾರ ಬೆಳಿಗ್ಗೆ ವಾಯವ್ಯ ಸಾರಿಗೆಯ ಬಸ್ಸು ಹತ್ತಿದರೆ ಮನೆ ಮುಖ ನೋಡುವುದು ಶುಕ್ರವಾರ ರಾತ್ರಿ. ಬ್ಯಾಗಿನಲ್ಲಿ ಸ್ಕ್ರೂಡ್ರೈವರ್ ಸೆಟ್ಟು, ಮಲ್ಟಿಮೀಟರು, ಬಟ್ಟೆಯಲ್ಲಿ ಸುತ್ತಿಟ್ಟ ಹ್ಯಾಲೋಜನ್ ಲ್ಯಾಂಪು, ಪಂಪಿನ ಟ್ಯೂಬು. ಅಂಗಿಯ ಜೇಬಿನಲ್ಲಿ ಒಂದು ಪುಟ್ಟ ಡೈರಿ.

ಡೈರಿಯ ತೊಂದರೆ ಏನೆಂದರೆ, ಮುಗಿಯದ ಕೆಲಸ ಬರೆದ ಪುಟದಲ್ಲೇ ಕೂತುಬಿಡುತ್ತದೆ. ಪುಟ ತಿರುವಿದೆವೋ, ಅದು ಕಣ್ಮರೆ. ಒಂದು ಮಂಗಳವಾರ ‘ಬಾಗಲಕೋಟೆಗೆ 340 ಫಿಲ್ಟರ್’ ಅಂತ ಬರೆದಿದ್ದೆ. 340 ನ್ಯಾನೋಮೀಟರಿನ ಬೆಳಕನ್ನಷ್ಟೇ ಬಿಡುವ ಆ ಫಿಲ್ಟರು ಮಂಕಾದರೆ ಎಸ್‌ಜಿಪಿಟಿ ಅನ್ನುವ ಲಿವರ್ ಪರೀಕ್ಷೆಯ ಅಂಕಿ ನಂಬುವಂತಿರುವುದಿಲ್ಲ. ಬುಧವಾರದ ಪುಟಕ್ಕೆ ಅದನ್ನು ಇಳಿಸಿಕೊಳ್ಳಲಿಲ್ಲ. ಎಂಟು ದಿನ ಆ ಲ್ಯಾಬಿನಲ್ಲಿ ಆ ಪರೀಕ್ಷೆ ನಿಂತಿತು. ಕಾಮಾಲೆ ಅಂತ ಬಂದವರ ರಕ್ತವನ್ನು ಬಸ್ಸಿನಲ್ಲಿ ಹುಬ್ಬಳ್ಳಿಗೆ ಕಳಿಸಿದರು. ಯಾರೂ ನನ್ನನ್ನು ಬೈಯಲಿಲ್ಲ. ಆದರೆ ಆ ಎಂಟು ದಿನದ ಲೆಕ್ಕ ನನ್ನನ್ನು ಬಹಳ ಕಾಲ ಚುಚ್ಚಿತು.

ಅದೇ ವರ್ಷ ದೀಪಾವಳಿಗೆ ಅಮೆರಿಕದಿಂದ ಬಂದ ಅಕ್ಕನ ಗಂಡ, ನಮ್ಮ ಮಾಮಾ, ಒಂದು ಪಾಮ್ ಎಂ105 ತಂದುಕೊಟ್ಟರು. ಅಂಗೈಯಗಲದ್ದು, ಬೂದು ಬಣ್ಣ, ಎರಡು ಟ್ರಿಪಲ್ ಎ ಸೆಲ್ಲಿನ ಮೇಲೆ ವಾರಗಟ್ಟಲೆ ಓಡುತ್ತಿತ್ತು. ಪರದೆ ಕಪ್ಪು ಬಿಳುಪು, ಉದ್ದಕ್ಕೆ 160 ಚುಕ್ಕಿ, ಅಡ್ಡಕ್ಕೆ 160 ಚುಕ್ಕಿ. 16 ಮೆಗಾಹರ್ಟ್ಸ್ ಪ್ರೊಸೆಸರು, 8 ಎಂಬಿ ಮೆಮರಿ. ಕೆಳಗೆ ನಾಲ್ಕು ಗುಂಡಿ: ದಿನಚರಿ, ವಿಳಾಸ, ಮಾಡಬೇಕಾದ ಕೆಲಸ, ಟಿಪ್ಪಣಿ. ಆಫ್ ಆಗಿದ್ದಾಗಲೂ ಮೂರನೆಯ ಗುಂಡಿ ಒತ್ತಿದರೆ ಸಾಕು, ಕೆಲಸದ ಪಟ್ಟಿ ತಟ್ಟನೆ ಕಣ್ಣ ಮುಂದೆ. ಕಾಯಿಸುವ ಮಾತೇ ಇಲ್ಲ.

ಆ ವೇಗ ತಾನಾಗಿ ಬಂದದ್ದಲ್ಲ. ಪಾಮ್ ಕಟ್ಟಿದ ಜೆಫ್ ಹಾಕಿನ್ಸ್, ಯಂತ್ರ ತಯಾರಾಗುವ ಮೊದಲು ತನ್ನ ಅಂಗಿಯ ಜೇಬಿಗೆ ಹೊಂದುವ ಅಳತೆಯ ಮರದ ತುಂಡೊಂದನ್ನು ಕೊರೆದುಕೊಂಡು ತಿಂಗಳುಗಟ್ಟಲೆ ಓಡಾಡಿದ್ದರು. ಯಾರಾದರೂ ಭೇಟಿಗೆ ದಿನ ಕೇಳಿದರೆ ಆ ಮರದ ತುಂಡನ್ನು ತೆಗೆದು, ಬರೆದಂತೆ ಮಾಡಿ, ಎಷ್ಟು ಸಲ ತಟ್ಟಬೇಕಾಗುತ್ತದೆ ಅಂತ ಎಣಿಸುತ್ತಿದ್ದರು. 1996ರಲ್ಲಿ ಪಾಮ್‌ನ ಮೊದಲ ಯಂತ್ರ, ಪೈಲಟ್, ಬಂದಾಗ ಅದರಲ್ಲಿದ್ದ ಮೆಮರಿ ಬರೀ 128 ಕೆಬಿ. ಅಷ್ಟರಲ್ಲೇ ಜನ ತಮ್ಮ ಇಡೀ ವರ್ಷದ ದಿನಚರಿ ಇಟ್ಟುಕೊಂಡರು. ಯಂತ್ರ ರಿಪೇರಿ ಮಾಡುವವನಾಗಿ ನನಗೆ ಆ ಮರದ ತುಂಡಿನ ಮೇಲೆ ಬಹಳ ಗೌರವ. ಬಳಸುವ ಕೈಯನ್ನು ಮೊದಲು ನೋಡಿ, ಆಮೇಲೆ ಯಂತ್ರ ಮಾಡಿದ್ದು ಅದು.

ಪೆನ್ನಿನಂಥ ಕಡ್ಡಿಯಿಂದ ಬರೆಯುವುದಕ್ಕೆ ಗ್ರಾಫಿಟಿ ಅಂತ ಒಂದು ಲಿಪಿ. ಇಂಗ್ಲಿಷ್ ಅಕ್ಷರಗಳೇ, ಆದರೆ ಕಡ್ಡಿ ಎತ್ತದೆ ಒಂದೇ ಎಳೆತದಲ್ಲಿ ಬರೆಯುವಂತೆ ತಿದ್ದಿದವು. ‘ಎ’ ಅಂದರೆ ಅಡ್ಡಗೆರೆ ಇಲ್ಲದ ಗುಡಿಸಲ ಮಾಡು. ‘ಟಿ’ ಅಂದರೆ ಎಡದಿಂದ ಬಲಕ್ಕೆ ಹೋಗಿ ಅಲ್ಲಿಂದ ಕೆಳಗಿಳಿಯುವುದು. ‘ಎಫ್’ ಅದರ ಕನ್ನಡಿ ಬಿಂಬ, ಬಲದಿಂದ ಎಡಕ್ಕೆ ಹೋಗಿ ಕೆಳಗೆ. ಎಡದಿಂದ ಬಲಕ್ಕೆ ಒಂದು ಗೆರೆ ಎಳೆದರೆ ಜಾಗ ಬಿಟ್ಟಂತೆ, ಬಲದಿಂದ ಎಡಕ್ಕೆ ಎಳೆದರೆ ಅಳಿಸಿದಂತೆ. ಹುಬ್ಬಳ್ಳಿಯಿಂದ ಗದಗಕ್ಕೆ ಹೋಗುವ ಒಂದೂವರೆ ತಾಸಿನಲ್ಲಿ, ಬಸ್ಸಿನ ಕುಲುಕಾಟದಲ್ಲೇ, ನಾಲ್ಕು ದಿನ ರೂಢಿ ಮಾಡಿದೆ. ಐದನೇ ದಿನ ಕೈ ತಾನೇ ಓಡಿತು. ಪಕ್ಕದಲ್ಲಿ ಕೂತ ಒಬ್ಬ ಅಜ್ಜ ಬಹಳ ಹೊತ್ತು ನೋಡಿ, “ಏನ್ರಿ ತಮ್ಮಾ, ಪಾಟಿ ಏನದು? ಬರದ್ದು ಒಳಗ ಹೊಕ್ಕೊಂತೈತಲ್ಲ” ಅಂದರು. ಆ ಮಾತಿಗಿಂತ ಚೆನ್ನಾಗಿ ಅದನ್ನು ಯಾರೂ ಬಣ್ಣಿಸಿದ್ದು ನಾನು ಕೇಳಿಲ್ಲ.

ಕನ್ನಡ ಮಾತ್ರ ಅದರಲ್ಲಿ ಇರಲಿಲ್ಲ. ‘ಅಮ್ಮನ ಬಿಪಿ ಗುಳಿಗೆ’, ‘ಗದಗ ಡಾಕ್ಟರ್ ಬಾಕಿ ಬಿಲ್ಲು’, ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡವಾಗಿ ಬರೆಯುತ್ತಿದ್ದೆ. ‘ಹಾಲು’ ಮತ್ತು ‘ಹಳು’ ಎರಡಕ್ಕೂ ಒಂದೇ ಕಾಗುಣಿತ. ನನಗೆ ತಿಳಿಯುತ್ತಿತ್ತು. ಆದರೂ ದಿನವೂ ಅದೊಂದು ಕೊರತೆ ತಟ್ಟುತ್ತಲೇ ಇತ್ತು.

ಕೆಲಸದ ಪಟ್ಟಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಪ್ರತಿ ಸಾಲಿಗೂ ಎಡಗಡೆ ಒಂದು ಚೌಕ, ಅದರ ಪಕ್ಕ 1ರಿಂದ 5ರವರೆಗೆ ಒಂದು ಅಂಕಿ, ಆಮೇಲೆ ಕೆಲಸ, ಬೇಕಾದರೆ ತಾರೀಖು. ಹೊಸ ಕೆಲಸ ಸೇರಿಸಲು ಯಾವ ಗುಂಡಿಯನ್ನೂ ಹುಡುಕಬೇಕಿಲ್ಲ. ಪಟ್ಟಿ ತೆರೆದಿರುವಾಗ ಸುಮ್ಮನೆ ಬರೆಯಲು ಶುರು ಮಾಡಿದರೆ ಹೊಸ ಸಾಲು ತಾನೇ ಹುಟ್ಟುತ್ತದೆ. ತಾರೀಖು ದಾಟಿದ ಕೆಲಸದ ಪಕ್ಕ ಒಂದು ಉದ್ಗಾರ ಚಿಹ್ನೆ ನಿಲ್ಲುತ್ತದೆ, ಮಾಡುವ ತನಕ ಅಲ್ಲೇ ಇರುತ್ತದೆ. ಬಾಗಲಕೋಟೆಯ ಫಿಲ್ಟರಿಗೆ ಆ ಒಂದು ಚಿಹ್ನೆ ಇದ್ದಿದ್ದರೆ ಸಾಕಿತ್ತು.

ಮೊದಲೆರಡು ತಿಂಗಳು ನನ್ನ ಎಲ್ಲ ಕೆಲಸಕ್ಕೂ 1ನೇ ಅಂಕಿಯೇ ಬೀಳುತ್ತಿತ್ತು. ಹೊಸ ಸಾಲಿಗೆ ಯಂತ್ರ ತಾನಾಗಿ ಕೊಡುವುದೂ 1ನ್ನೇ. ಆಮೇಲೆ ಒಂದು ಕಟ್ಟು ಮಾಡಿಕೊಂಡೆ. ರೋಗಿಯ ವರದಿ ನಿಂತಿದ್ದರೆ ಮಾತ್ರ 1. ಯಂತ್ರ ನಡೆಯುತ್ತಿದೆ, ಆದರೆ ನಾಳೆ ಕೈಕೊಡಬಹುದು ಅನ್ನುವಂತಿದ್ದರೆ 2. ದುಡ್ಡಿನ ವಸೂಲಿ 3. ಮನೆಯ ಕೆಲಸಕ್ಕೆ ಅಂಕಿಯ ಲೆಕ್ಕವನ್ನೇ ಹಿಡಿಯದೆ ಬೇರೆ ಭಾಗದಲ್ಲಿ ಇಟ್ಟೆ, ಯಾಕೆಂದರೆ ಅಮ್ಮನ ಗುಳಿಗೆಯನ್ನು ಬಿಲ್ಲಿನ ವಸೂಲಿಯ ಜತೆ ತೂಗಿ ನೋಡುವುದು ನನಗೆ ಸರಿ ಕಾಣಲಿಲ್ಲ. ಪ್ರತಿ ಕೆಲಸದ ಹಿಂದೆ ಒಂದು ಟಿಪ್ಪಣಿ ಅಂಟಿಸಬಹುದಿತ್ತು. ಅದರಲ್ಲಿ ಯಂತ್ರದ ಸೀರಿಯಲ್ ನಂಬರು, ಲ್ಯಾಂಪು ಯಾವಾಗ ಬದಲಿಸಿದ್ದು, ಆ ಊರಲ್ಲಿ ವೋಲ್ಟೇಜು ಎಷ್ಟಕ್ಕೆ ಇಳಿಯುತ್ತದೆ ಅನ್ನುವುದೆಲ್ಲ ಇರುತ್ತಿತ್ತು. ಲ್ಯಾಬಿನ ಹುಡುಗ ಫೋನ್ ಮಾಡಿ “ಸರ್, ಮಷಿನ್ ಝೀರೋ ಆಗವಲ್ದು” ಅಂದರೆ, ಎರಡು ಸಲ ತಟ್ಟಿ ಆ ಯಂತ್ರದ ಜಾತಕ ತೆರೆದು ನಿಂತಲ್ಲೇ ಉತ್ತರ ಕೊಡುತ್ತಿದ್ದೆ.

ಮುಗಿದ ಕೆಲಸದ ಚೌಕಕ್ಕೆ ಟಿಕ್ ಹಾಕಿದ ಮೇಲೂ ಅದನ್ನು ಅಳಿಸುತ್ತಿರಲಿಲ್ಲ. ತಿಂಗಳಿಗೊಮ್ಮೆ, ಮುಗಿದದ್ದನ್ನೆಲ್ಲ ಒಟ್ಟಿಗೆ ತೆಗೆದುಹಾಕುವ ‘ಪರ್ಜ್’ ಒತ್ತಿ, ಕಂಪ್ಯೂಟರಿನಲ್ಲಿ ಒಂದು ಪ್ರತಿ ಉಳಿಸು ಅನ್ನುವ ಚೌಕಕ್ಕೂ ಗುರುತು ಹಾಕುತ್ತಿದ್ದೆ. ಆಫೀಸಿನ ವಿಂಡೋಸ್ 98 ಕಂಪ್ಯೂಟರಿಗೆ ಕೇಬಲ್ಲು ಹಾಕಿ ಹಾಟ್‌ಸಿಂಕ್ ಒತ್ತಿದರೆ ಪುಟ್ಟದೊಂದು ರಾಗ ಬಂದು ಎರಡೂ ಕಡೆಯ ಪಟ್ಟಿ ಒಂದಾಗುತ್ತಿತ್ತು. ಅದೇ ಹೊತ್ತಿಗೆ ಆವಂತ್‌ಗೋ ಅನ್ನುವ ಸೇವೆ ಆಫೀಸಿನ ಡಯಲ್-ಅಪ್ ಮೂಲಕ ನಾನು ಆರಿಸಿದ್ದ ಪುಟಗಳನ್ನು ಎಳೆದು ಪಾಮ್‌ಗೆ ತುಂಬುತ್ತಿತ್ತು. ಸೋಮವಾರ ತುಂಬಿಕೊಂಡ ಸುದ್ದಿಯನ್ನು ಹೊಸಪೇಟೆಯ ಬಸ್ಸಿನಲ್ಲಿ ಓದುತ್ತಿದ್ದೆ. ಅದು ನನ್ನ ಜೇಬಿನೊಳಗಿನ ಮೊದಲ ಇಂಟರ್‌ನೆಟ್. ತಂಗಳು, ಆದರೆ ರುಚಿ ಇತ್ತು.

ಬಿಸಿ ಇಂಟರ್‌ನೆಟ್ ಬೇಕೆಂದರೆ ಫೋನಿನ ಸಹಾಯ ಬೇಕಿತ್ತು. ಕಂಪನಿ ಕೊಟ್ಟ ನೋಕಿಯಾ 6210ರಲ್ಲಿ, ಕಣ್ಣಿಗೆ ಕಾಣದ ಬೆಳಕಿನಲ್ಲಿ ಮಾಹಿತಿ ಸಾಗಿಸುವ ಇನ್‌ಫ್ರಾರೆಡ್ ಇತ್ತು, ಒಳಗೇ ಮೋಡೆಮ್ಮೂ ಇತ್ತು. ಮೊಬೈಲ್ ಕಂಪನಿಗೆ ಅರ್ಜಿ ಕೊಟ್ಟು, ಫೋನಿನಿಂದಲೇ ನೆಟ್‌ಗೆ ಡಯಲ್ ಮಾಡುವ ಡೇಟಾ ಕಾಲ್ ತೆರೆಸಿಕೊಂಡೆ. ಆಮೇಲಿನ ಕ್ರಮ ಹೀಗೆ. ಲಾಡ್ಜಿನ ಮೇಜಿನ ಮೇಲೆ ಫೋನನ್ನೂ ಪಾಮನ್ನೂ ಗೇಣು ಅಂತರದಲ್ಲಿ ಎದುರುಬದುರು ಮಲಗಿಸಬೇಕು, ಎರಡರ ಕಪ್ಪು ಗಾಜಿನ ಕಿಂಡಿಯೂ ಒಂದನ್ನೊಂದು ನೋಡುವಂತೆ. ಫೋನಿನಲ್ಲಿ ಇನ್‌ಫ್ರಾರೆಡ್ ಚಾಲೂ ಮಾಡಿದ ಮೇಲೆ ಎರಡು ನಿಮಿಷದೊಳಗೆ ಪಾಮ್‌ನಲ್ಲಿ ಕನೆಕ್ಟ್ ತಟ್ಟಬೇಕು, ಇಲ್ಲವಾದರೆ ಫೋನು ತಾನೇ ಆರಿಸಿಬಿಡುತ್ತದೆ. ಹೆಸರು, ಪಾಸ್‌ವರ್ಡು, ಡಯಲ್ ಮಾಡಬೇಕಾದ ನಂಬರು ಎಲ್ಲ ಮೊದಲೇ ತುಂಬಿಟ್ಟಿರುತ್ತಿದ್ದೆ. ಪರದೆಯ ಮೇಲೆ ‘ಡಯಲಿಂಗ್’ ಅಂತ ಬರುತ್ತದೆ. ಆಮೇಲೆ ‘ಸೈನಿಂಗ್ ಆನ್’. ಆ ಎರಡು ಪದಗಳ ನಡುವೆ ಅರ್ಧ ನಿಮಿಷ, ಕೆಲವು ದಿನ ಅದಕ್ಕೂ ಹೆಚ್ಚು. ಮೇಜಿಗೆ ಮೊಣಕೈ ತಾಗಿ ಫೋನು ಒಂದಿಷ್ಟು ಸರಿದರೆ ಅದರ ಮೇಲಿನ ಇನ್‌ಫ್ರಾರೆಡ್ ಗುರುತು ಮಿಟುಕಲು ಶುರು. ಹಾಗಾಗಿ ಎರಡರ ಅಡಿಯಲ್ಲೂ ನನ್ನ ಕರವಸ್ತ್ರ ಹಾಸುತ್ತಿದ್ದೆ.

ವೇಗ ಸೆಕೆಂಡಿಗೆ 9600 ಬಿಟ್. ಅಂದರೆ ಒಂದು ಸೆಕೆಂಡಿಗೆ ಹೆಚ್ಚೆಂದರೆ ಒಂದು ಕೆಬಿ ಚಿಲ್ಲರೆ. ಮೂವತ್ತು ಕೆಬಿಯ ಒಂದು ಪತ್ರಕ್ಕೆ ಅರ್ಧ ನಿಮಿಷ. ಸಾಮಾನ್ಯ ಕರೆಯ ಹಾಗೆ ಇದಕ್ಕೂ ನಿಮಿಷದ ಲೆಕ್ಕದಲ್ಲಿ ದುಡ್ಡು, ಜತೆಗೆ ಇಂಟರ್‌ನೆಟ್ ಖಾತೆಯ ತಾಸುಗಳೂ ಸವೆಯುತ್ತಿದ್ದವು. ಒಳಬರುವ ಕರೆಗೂ ದುಡ್ಡು ಕೊಡುತ್ತಿದ್ದ ಕಾಲ ಅದು, 2003ರ ಮೇ ತನಕ. ಸಿಗ್ನಲ್ಲಂತೂ ಊರೊಳಗೆ ಮಾತ್ರ. ಗದಗದ ಬೆಟಗೇರಿ ದಾಟಿದರೆ ಫೋನು ಬರೀ ಗಡಿಯಾರ.

‘ನೆಟ್’ ಪಟ್ಟಿ ಹುಟ್ಟಿದ್ದು ಇದರಿಂದ. ಮೊದಮೊದಲು ಸಂಪರ್ಕ ಸಿಕ್ಕ ಕೂಡಲೇ ಏನು ನೋಡಬೇಕೆಂದಿದ್ದೆ ಅನ್ನುವುದೇ ಹಾರಿಹೋಗುತ್ತಿತ್ತು. ದುಡ್ಡು ಓಡುತ್ತಿದೆ ಅನ್ನುವ ಗಾಬರಿಯಲ್ಲಿ ಒಂದು ಪತ್ರಕ್ಕೆ ಉತ್ತರ ಬರೆದು, ಕಡಿದುಕೊಂಡು, ಮಲಗುವ ಹೊತ್ತಿಗೆ ಉಳಿದ ನಾಲ್ಕು ನೆನಪಾಗುತ್ತಿದ್ದವು. ಆಮೇಲೆ ಕೆಲಸದ ಪಟ್ಟಿಯಲ್ಲೇ ‘ನೆಟ್’ ಅಂತ ಒಂದು ಭಾಗ ತೆರೆದೆ. ಹಗಲೆಲ್ಲ, ಲ್ಯಾಬಿನಲ್ಲೋ ಬಸ್‌ಸ್ಟ್ಯಾಂಡಿನಲ್ಲೋ, ನೆಟ್‌ನಲ್ಲಿ ಆಗಬೇಕಾದ್ದು ಏನು ಹೊಳೆದರೂ ಅಲ್ಲಿ ಒಂದು ಸಾಲು. ‘ಲ್ಯಾಂಪು 6 ವೋಲ್ಟ್ 10 ವಾಟ್, ಮುಂಬೈಗೆ ಪತ್ರ.’ ‘ಬಳ್ಳಾರಿ ಡಾಕ್ಟರು ಕೇಳಿದ ಕಿಟ್‌ನ ಮಾಹಿತಿ.’ ‘ಅಕ್ಕನಿಗೆ ಅಮ್ಮನ ಬಿಪಿ ಬರೆಯುವುದು.’ ಪತ್ರಗಳನ್ನೂ ಹಗಲೇ ಬರೆದು ಔಟ್‌ಬಾಕ್ಸಿನಲ್ಲಿ ಇಟ್ಟುಬಿಡುತ್ತಿದ್ದೆ. ರಾತ್ರಿ ಒಂಬತ್ತಕ್ಕೆ ಲಾಡ್ಜಿನಲ್ಲಿ ಕರವಸ್ತ್ರ ಹಾಸಿ ಕೂತರೆ ಮೊದಲು ಔಟ್‌ಬಾಕ್ಸು ಖಾಲಿ, ಆಮೇಲೆ ಬಂದ ಪತ್ರಗಳ ತಲೆಬರಹ ಮಾತ್ರ ಇಳಿಸಿ, ಬೇಕಾದ್ದಕ್ಕೆ ಗುರುತು ಹಾಕಿ, ಅದಷ್ಟನ್ನೇ ತರಿಸಿ, ಮೇಲಿನಿಂದ ಕೆಳಕ್ಕೆ ಟಿಕ್, ಟಿಕ್, ಟಿಕ್. ಹೆಚ್ಚಿನ ದಿನ ಏಳೆಂಟು ನಿಮಿಷದಲ್ಲಿ ಮುಗಿದುಹೋಗುತ್ತಿತ್ತು. ಸಂತೆಗೆ ಹೋಗುವಾಗ ಅಮ್ಮ ಚೀಟಿ ಬರೆಸಿಕೊಂಡು ಹೋಗುತ್ತಿದ್ದಳಲ್ಲ, ಥೇಟ್ ಹಾಗೆ. ಬೇಕಾದ್ದು ಏನು ಅನ್ನುವುದನ್ನು ಮನೆಯಲ್ಲೇ ತೀರ್ಮಾನಿಸಿ ಹೊರಡುವುದು.

ಅಷ್ಟು ನೇಮ ಇಟ್ಟುಕೊಂಡಿದ್ದರೂ ಒಂದು ಸಲ ದೊಡ್ಡ ಪೆಟ್ಟು ತಿಂದೆ. ಎಂ105ರ ಮೆಮರಿ ಸೆಲ್ಲಿನ ಬಲದ ಮೇಲೇ ನಿಂತದ್ದು. ಸೆಲ್ಲು ತೆಗೆದರೆ ಹೊಸದು ಹಾಕಲು ಸುಮಾರು ಒಂದು ನಿಮಿಷದ ಬಿಡುವು, ಅಷ್ಟು ಹೊತ್ತು ಒಳಗಿನ ಸಣ್ಣ ಕೆಪಾಸಿಟರು ಎಲ್ಲವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ದಾಟಿತೋ, ಎಲ್ಲ ಅಳಿಸಿದಂತೆ. ಇಳಕಲ್ಲಿನ ಲಾಡ್ಜಿನಲ್ಲಿ ಒಂದು ಗುರುವಾರ ರಾತ್ರಿ ಸೆಲ್ಲು ಬದಲಿಸುತ್ತಿದ್ದೆ. ಹಳೆಯವೆರಡನ್ನೂ ತೆಗೆದು ಹೊಸದೊಂದನ್ನು ಕೂರಿಸಿದ ಹೊತ್ತಿಗೆ ಕರೆಂಟು ಹೋಯಿತು. ಎರಡನೆಯ ಸೆಲ್ಲು ಕೈ ಜಾರಿ ನೆಲಕ್ಕೆ ಬಿದ್ದು ಉರುಳಿದ ಸದ್ದು ಕೇಳಿಸಿತು. ಮೊಣಕಾಲೂರಿ ಕೂತು ಮಂಚದಡಿ ಕೈಯಾಡಿಸಿದೆ. ತಣ್ಣಗಿನ ಕಡಪ ಕಲ್ಲು, ಧೂಳು, ಯಾರೋ ಬಿಟ್ಟುಹೋದ ಬಾಚಣಿಗೆ. ಸೆಲ್ಲು ಗೋಡೆಯ ಮೂಲೆಯಲ್ಲಿ ಸಿಕ್ಕಿತು. ಹಾಕಿ ಗುಂಡಿ ಒತ್ತಿದೆ.

ಪರದೆಯ ಮೇಲೆ ಒಂದು ಪುಟ್ಟ ವೃತ್ತ, ನಡುವೆ ಕೂಡುಗೆರೆ. ಕಡ್ಡಿಯಿಂದ ಅದರ ನಡುಮಧ್ಯ ತಟ್ಟಿ ಅನ್ನುವ ಸೂಚನೆ. ಡಬ್ಬಿಯಿಂದ ಹೊಸದಾಗಿ ತೆಗೆದ ದಿನ ಮಾತ್ರ ನೋಡುವ ಪರದೆ ಅದು. ಕಂದೀಲು ಹಿಡಿದು ಬಂದ ಲಾಡ್ಜಿನ ಹುಡುಗ, “ಏನ್ ಕಳಕೊಂಡ್ರಿ ಸರ್?” ಅಂತ ಕೇಳಿದ. ಏನು ಹೇಳಬೇಕೆಂದು ತಿಳಿಯಲಿಲ್ಲ. ಸೋಮವಾರದ ತನಕದ್ದು ಆಫೀಸಿನ ಕಂಪ್ಯೂಟರಿನಲ್ಲಿ ಇತ್ತು, ಅದು ವಾಪಸು ಬರುತ್ತದೆ. ಮಂಗಳವಾರ, ಬುಧವಾರ, ಗುರುವಾರ, ಮೂರು ದಿನ ಹನ್ನೊಂದು ಲ್ಯಾಬಿನಲ್ಲಿ ಬರೆದುಕೊಂಡದ್ದು ಹೋಯಿತು. ಕಂದೀಲಿನ ಬೆಳಕಿನಲ್ಲಿ ಕೂತು, ಮೂರು ದಿನದ ಬಸ್ ಟಿಕೆಟ್ಟುಗಳನ್ನು ಜೇಬಿನಿಂದ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಪ್ರತಿ ಟಿಕೆಟ್ಟು ನೋಡುತ್ತ ಆ ಊರಿನ ಲ್ಯಾಬಿನ ಬಾಗಿಲನ್ನು ಮನಸ್ಸಿನಲ್ಲಿ ತೆರೆದು, ಒಳಗೆ ಯಾರು ಕೂತಿದ್ದರು, ಏನು ಕೇಳಿದರು ಅಂತ ನೆನೆಸಿಕೊಂಡು ಟಿಕೆಟ್ಟಿನ ಹಿಂದೆಯೇ ಬರೆದೆ. ಹೆಚ್ಚುಕಡಿಮೆ ಎಲ್ಲ ಸಿಕ್ಕಿತು. ಒಂದು ಮಾತ್ರ ಸಿಗಲಿಲ್ಲ. ಕುಷ್ಟಗಿಯಲ್ಲಿ ಒಬ್ಬರು ಏನನ್ನೋ ನೋಡಿ ಹೇಳಿ ಅಂದಿದ್ದರು. ಮುಂದಿನ ಸಲ ಹೋದಾಗ ನಾನೇ ಕೇಳಿದೆ. ಅವರೂ ಮರೆತಿದ್ದರು. ಅದು ಏನಿತ್ತು ಅಂತ ನನಗೆ ಈಗಲೂ ಕಾಡುವುದುಂಟು.

ಅವತ್ತಿನಿಂದ ಸೆಲ್ಲು ಬದಲಿಸುವುದು ಹಗಲಿನಲ್ಲಿ, ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಹೊಸ ಸೆಲ್ಲಿನ ಹೊದಿಕೆ ಮೊದಲೇ ಹರಿದಿಟ್ಟುಕೊಂಡು.

ಕೊಪ್ಪಳದ ಲ್ಯಾಬಿನ ಮಾತಿಗೆ ಬರುತ್ತೇನೆ. ಅಲ್ಲಿ ವಯಸ್ಸಾದ ಟೆಕ್ನೀಶಿಯನ್ ಒಬ್ಬರಿದ್ದರು, ನಾವೆಲ್ಲ ಕಾಕಾ ಅನ್ನುತ್ತಿದ್ದೆವು. 2003ರ ಬೇಸಿಗೆ. ನಾನು ಯಂತ್ರದ ಪಂಪಿನ ಟ್ಯೂಬು ಬದಲಿಸುತ್ತಿದ್ದೆ. ಕಾಕಾ ಅವತ್ತು ಎರಡು ಸಲ ಸ್ಯಾಂಪಲ್ಲಿನ ನಂಬರು ತಪ್ಪು ಬರೆದರು. ಅವರ ಕೈಯಲ್ಲಿ ಅಂಥ ತಪ್ಪು ನಾನು ಕಂಡೇ ಇರಲಿಲ್ಲ. ಕೇಳಿದರೆ, ಮಗಳ ಪಿಯುಸಿ ರಿಸಲ್ಟು ಮಧ್ಯಾಹ್ನ ನೆಟ್‌ನಲ್ಲಿ ಬಿಟ್ಟಿದ್ದಾರೆ, ಸೈಬರ್ ಅಂಗಡಿಯ ಮುಂದೆ ಕಾಲಿಡಲು ಜಾಗವಿಲ್ಲ, ಕಾಲೇಜಿನ ಬೋರ್ಡಿಗೆ ಹಚ್ಚುವುದು ನಾಳೆ ಅಂದರು. “ರಾತ್ರಿ ಹ್ಯಾಂಗ ಕಳೀಬೇಕೋ ತಿಳೀವಲ್ದಪಾ” ಅಂತ ಗವಾಕ್ಷಿಯ ಕಡೆ ಮುಖ ಮಾಡಿದರು.

ಪಾಮ್‌ನಲ್ಲಿ ಯೂಡೋರಾವೆಬ್ ಅಂತ ಒಂದು ಬ್ರೌಸರ್ ಹಾಕಿಕೊಂಡಿದ್ದೆ. ಚಿತ್ರ ಏನೂ ತೋರಿಸದು, ಬರೀ ಅಕ್ಷರ. 9600ರ ವೇಗಕ್ಕೆ ಅದೇ ಸರಿ. ಸೆಂಟ್ರಿಫ್ಯೂಜಿನ ಪಕ್ಕದ ಕಲ್ಲಿನ ಮೇಲೆ ಎರಡನ್ನೂ ಎದುರುಬದುರು ಇಟ್ಟೆ. ಮೊದಲ ಸಲ ಕರೆ ಕಡಿಯಿತು. ಎರಡನೇ ಸಲವೂ ಕಡಿಯಿತು. ಅವತ್ತು ಎಲ್ಲರೂ ಅದೇ ಪುಟದ ಬಾಗಿಲಲ್ಲಿ ನಿಂತಿದ್ದರಲ್ಲ. ಮೂರನೇ ಸಲ ಪುಟ ಒಂದೊಂದೇ ಸಾಲಾಗಿ ಇಳಿಯಿತು. ಕೊನೆಗೆ ನಂಬರು ತುಂಬುವ ಖಾಲಿ ಜಾಗ ಕಂಡಿತು. ಕಾಕಾ ಜೇಬಿನಿಂದ ನಾಲ್ಕು ಮಡಿಕೆಯ ಚೀಟಿ ತೆಗೆದು ಒಂದೊಂದೇ ಅಂಕಿ ಹೇಳಿದರು, ನಾನು ಒಂದೊಂದೇ ಗೀಚಿದೆ. ಗ್ರಾಫಿಟಿಯಲ್ಲಿ ಅಂಕಿಗೆ ಬಲಗಡೆ ಬೇರೆ ಜಾಗ. ಕೈ ನಡುಗಿದರೆ 7 ಬೇರೇನೋ ಆಗುತ್ತದೆ. ಬರೆದದ್ದನ್ನು ಅವರಿಗೆ ತಿರುಗಿಸಿ ತೋರಿಸಿದೆ. ಕನ್ನಡಕ ಹಣೆಗೇರಿಸಿ ಚೀಟಿಯ ಜತೆ ತಾಳೆ ನೋಡಿ “ಖರೇ ಐತಿ, ಒತ್ತು” ಅಂದರು.

ಅಂಕಗಳು ಕೋಷ್ಟಕವಾಗಿ ಬರಲಿಲ್ಲ, ಒಂದರ ಕೆಳಗೊಂದು ಬಿದ್ದವು. ಕನ್ನಡ, ಇಂಗ್ಲಿಷ್, ಭೌತಶಾಸ್ತ್ರ. ಪರದೆಯಲ್ಲಿ ಅಷ್ಟೇ ಹಿಡಿಸಿದ್ದು. ಕೆಳಗಿನ ಬಾಣದ ಗುಂಡಿಯನ್ನು ಕಾಕಾನಿಂದಲೇ ಒತ್ತಿಸಿದೆ. ರಾಸಾಯನಿಕ, ಗಣಿತ, ಜೀವಶಾಸ್ತ್ರ. ಇನ್ನೊಂದು ಸಲ ಒತ್ತಿದರು. ಪ್ರಥಮ ದರ್ಜೆ. ಅವರು ಮಾತಾಡಲಿಲ್ಲ. ಲ್ಯಾಬಿನ ರಿಪೋರ್ಟ್ ಫಾರಂ ಒಂದನ್ನು ಎಳೆದುಕೊಂಡು, ಹಿಮೋಗ್ಲೋಬಿನ್, ಸಕ್ಕರೆ ಅಂತ ಅಚ್ಚಾಗಿದ್ದ ಸಾಲುಗಳ ಪಕ್ಕದಲ್ಲೇ, ತಮ್ಮ ದುಂಡನೆಯ ಅಕ್ಷರದಲ್ಲಿ ಆರೂ ವಿಷಯದ ಅಂಕ ಬರೆದುಕೊಂಡರು. ಕೆಳಗೆ ತಾರೀಖು ಹಾಕಿದರು, ರೂಢಿಯಂತೆ ಸಹಿಯನ್ನೂ ಹಾಕಿದರು. ಆ ಫಾರಂ ಹಿಡಿದುಕೊಂಡು ಸೈಕಲ್ಲು ಹತ್ತಿ ಮನೆಗೆ ಹೋದವರು ಅರ್ಧ ತಾಸಿನಲ್ಲಿ ಒಂದು ಡಬ್ಬಿ ಮಾದಲಿ ತಂದರು. ಲ್ಯಾಬಿನ ಬಾಗಿಲಲ್ಲಿ ಅಷ್ಟು ಹೊತ್ತಿಗೆ ಓಣಿಯ ಇನ್ನೂ ಆರು ಹುಡುಗರು ಚೀಟಿ ಹಿಡಿದು ನಿಂತಿದ್ದರು. ಅವರದ್ದೂ ನೋಡಿದೆವು. ಅದರಲ್ಲಿ ಇಬ್ಬರು ಪಾಸಾಗಿರಲಿಲ್ಲ. ಅವರಿಬ್ಬರಿಗೂ ಕಾಕಾ ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿ ಮೊದಲು ನೀರು, ಆಮೇಲೆ ಮಾದಲಿ ಕೊಟ್ಟರು. ಸಪ್ಲಿಮೆಂಟರಿಗೆ ಕಟ್ಟುವ ಕೊನೆಯ ದಿನ ಯಾವುದು ಅಂತ ತಿಳಿಯುವ ಕೆಲಸವನ್ನು ‘ನೆಟ್’ ಪಟ್ಟಿಗೆ ಬರೆದುಕೊಂಡು, ಅಂಕಿ 1 ಹಾಕಿದೆ.

ಆ ತಿಂಗಳ ಮೊಬೈಲ್ ಬಿಲ್ಲಿನಲ್ಲಿ ಆ ಒಂದು ಮಧ್ಯಾಹ್ನದ ಸಾಲುಗಳೇ ಅರ್ಧ ಪುಟ. ಮ್ಯಾನೇಜರು ಕೇಳಿದಾಗ ಇದ್ದದ್ದು ಇದ್ದ ಹಾಗೆ ಹೇಳಿದೆ. ಸಹಿ ಮಾಡಿ ಕಳಿಸಿದರು.

2004ರಲ್ಲಿ ಬೆಂಗಳೂರಿನ ಒಂದು ಪ್ರದರ್ಶನದಲ್ಲಿ ನಮ್ಮಲ್ಲೇ ತಯಾರಾದ ಅಂಗೈ ಕಂಪ್ಯೂಟರು, ಅಮಿಡಾ ಸಿಂಪ್ಯೂಟರನ್ನು ಕೈಯಲ್ಲಿ ಹಿಡಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರಿನವರೂ ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದ್ದರು. ಅಮಿಡಾವನ್ನು ತಯಾರಿಸಿದ್ದು ಬಿಇಎಲ್. ಒಳಗೆ ಲಿನಕ್ಸ್. ಸ್ಮಾರ್ಟ್ ಕಾರ್ಡ್ ಹಾಕುವ ಒಂದು ಸೀಳು ಇತ್ತು. ಇಡೀ ಊರಿಗೆ ಒಂದೇ ಯಂತ್ರ ಇದ್ದರೂ ಪ್ರತಿಯೊಬ್ಬರೂ ತಮ್ಮ ಕಾರ್ಡು ತೂರಿಸಿ ತಮ್ಮ ಮಾಹಿತಿ ತೆರೆಯಬಹುದು ಅನ್ನುವ ಲೆಕ್ಕಾಚಾರ. ಕೈಯಲ್ಲಿ ಹಿಡಿದು ವಾಲಿಸಿದರೆ ಪುಟ ತಿರುಗುತ್ತಿತ್ತು. ಐಫೋನು ಬರುವುದಕ್ಕೆ ಇನ್ನೂ ಮೂರು ವರ್ಷ ಇತ್ತು. ಅದೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಪರದೆಯ ಮೇಲಿನ ಕನ್ನಡ. ಅಂಗೈಯೊಳಗಿನ ಯಂತ್ರದಲ್ಲಿ ಒತ್ತಕ್ಷರ ಒತ್ತಾಗಿಯೇ ಕೂತಿತ್ತು. ಕೊಪ್ಪಳದ ಕಾಕಾನಿಗೆ, ಬಸ್ಸಿನಲ್ಲಿ ಪಾಟಿ ಅಂದ ಆ ಅಜ್ಜನಿಗೆ ಕೊಡಬೇಕಾದದ್ದು ಇದು ಅನ್ನಿಸಿತು. ಕೊಳ್ಳಲು ಆಗ ನನ್ನ ಕೈಯಲ್ಲಿ ದುಡ್ಡಿರಲಿಲ್ಲ. ಅದು ತಲುಪಬೇಕಾದಷ್ಟು ಜನರಿಗೆ ತಲುಪಲಿಲ್ಲ ಅನ್ನುವ ನೋವು ನನಗೆ ಇವತ್ತಿಗೂ ಇದೆ. ಆ ಯೋಚನೆ ನೂರಕ್ಕೆ ನೂರು ಸರಿ ಇತ್ತು.

ಪಾಮ್‌ನ ಕಡೆ, ಗ್ರಾಫಿಟಿ ತನ್ನ ಪೇಟೆಂಟ್ ಮೀರುತ್ತದೆ ಅಂತ ಜೆರಾಕ್ಸ್ 1997ರಲ್ಲೇ ದಾವೆ ಹೂಡಿತ್ತು. 2003ರ ಹೊತ್ತಿಗೆ ಪಾಮ್ ಗ್ರಾಫಿಟಿ 2ಕ್ಕೆ ಬದಲಾಯಿತು. ಅದರಲ್ಲಿ ‘ಟಿ’ಗೆ ಎರಡು ಗೆರೆ ಎಳೆಯಬೇಕು. ಗೆಳೆಯನ ಹೊಸ ಯಂತ್ರದಲ್ಲಿ ಬರೆಯಲು ಹೋಗಿ ನನ್ನ ಕೈ ಮೊಂಡು ಹಿಡಿಯಿತು. ಹಾಗಾಗಿ ಎಂ105ನ್ನೇ 2006ರ ತನಕ ಓಡಿಸಿದೆ. 2010ರಲ್ಲಿ ಪಾಮ್ ಅನ್ನು ಎಚ್‌ಪಿ ಕೊಂಡಿತು, ಮರುವರ್ಷವೇ ಆ ಯಂತ್ರಗಳನ್ನು ನಿಲ್ಲಿಸಿತು. ಅಷ್ಟರಲ್ಲಿ ನಾನು ಆಂಡ್ರಾಯ್ಡ್ ಫೋನಿಗೆ ಬಂದಿದ್ದೆ.

ಹೊಸ ಫೋನಿಗೆ ಮೊದಲು ಇಳಿಸಿದ್ದು ಕೆಲಸದ ಪಟ್ಟಿ. ಅದರಲ್ಲಿ ಮೊದಲು ತೆರೆದದ್ದು ‘ನೆಟ್’. ಈಗ ನಿಮಿಷಕ್ಕೆ ದುಡ್ಡಿಲ್ಲ, ನಿಜ. ಆದರೆ ಯಂತ್ರದ ಮುಂದೆ ಬಗ್ಗಿ ಕೂತಿರುವಾಗ ಏನೋ ಹೊಳೆಯಿತು ಅಂತ ಫೋನು ತೆಗೆದು ಹುಡುಕಲು ಹೋದರೆ, ಕೈಯಲ್ಲಿದ್ದ ಸ್ಕ್ರೂ ಎಲ್ಲಿಟ್ಟೆ ಅನ್ನುವುದೇ ಮರೆಯುತ್ತದೆ. ಒಂದು ಸಾಲು ಬರೆದು ಮತ್ತೆ ಜೇಬಿಗಿಟ್ಟರೆ ಕೈ ಯಂತ್ರದಲ್ಲೇ ಉಳಿಯುತ್ತದೆ. ಮಗನಿಗೆ ಹೇಳದೆ ಉಳಿದ ಅರ್ಧ ಇದೇ. ರಾತ್ರಿ ಒಂಬತ್ತಕ್ಕೆ ಕೂತು ಮೇಲಿನಿಂದ ಕೆಳಕ್ಕೆ ಟಿಕ್ ಹಾಕುತ್ತ ಹೋಗುವಾಗ, ಹಗಲು ಬರೆದ ಸಾಲುಗಳಲ್ಲಿ ಮೂರರಲ್ಲಿ ಒಂದು ಆಗ ಬೇಡವೆನಿಸಿ ಹಾಗೇ ಅಳಿಸುವುದೂ ಉಂಟು. ಈಗ ಸಾಲುಗಳನ್ನು ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ. ಹಾಲು ಹಾಲಾಗಿಯೇ ಇರುತ್ತದೆ.

ಇದನ್ನು ಬರೆಯುವಾಗ ಹಳೆಯ ಪರ್ಜ್ ಪ್ರತಿಗಳಿದ್ದ ಸಿಡಿ ಹುಡುಕಿ ತೆರೆದೆ. 2003ರ ಕಡತದಲ್ಲಿ ಆ ಸಾಲು ಇತ್ತು, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ: ‘ಕೊಪ್ಪಳ ಹುಡುಗರು ಇಬ್ಬರು, ಸಪ್ಲಿಮೆಂಟರಿ ಕೊನೆ ದಿನ.’ ಮುಂದೆ ಟಿಕ್ ಬಿದ್ದಿದೆ. ಕಾಕಾನ ನಂಬರು ಈಗ ನನ್ನ ಬಳಿ ಇಲ್ಲ, ಆ ಲ್ಯಾಬು ಇದ್ದ ಓಣಿ ಮಾತ್ರ ಗೊತ್ತು. ಇವತ್ತಿನ ‘ನೆಟ್’ ಪಟ್ಟಿಯಲ್ಲಿ ಐದು ಸಾಲಿವೆ. ಹೊಲದ ಪಂಪಿನ ಬೇರಿಂಗ್, ಅಕ್ಕನಿಗೆ ಫೋಟೊ, ಕರೆಂಟ್ ಬಿಲ್ಲು, ಮಗನ ಫೀ ರಸೀದಿ, ಮತ್ತೆ ಕೊಪ್ಪಳಕ್ಕೆ ಬೆಳಗಿನ ರೈಲು ಎಷ್ಟಕ್ಕೆ. ಒಂಬತ್ತು ಹೊಡೆಯಿತು, ಕೂರುತ್ತೇನೆ.